ಖಾಲಿ ಕೋಣೆಯ ಸದ್ದು

ನಿರ್ದೇಶಕರ ಫ್ರಿಜ್ಜಿನಲ್ಲಿ ಮೊಟ್ಟೆಗಳಿಗಿಂತ, ಕೆಡದಿರಲೆಂದು ಇಟ್ಟ ಹಳೆಯ ಶೂಟಿಂಗ್ ಟೇಪುಗಳೇ ಹೆಚ್ಚು. ಒಬ್ಬರಿಗೆ ಎಷ್ಟು ಮೊಟ್ಟೆ ಬೇಕು? ಅವರ ಸೌಂಡ್ ರೆಕಾರ್ಡಿಸ್ಟ್ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಇಬ್ಬರೂ ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿ ಬಾಳಿದ್ದರು. ನೆರೆಯವರ ಬಾಯಲ್ಲಿ ಕೊನೆಯವರೆಗೂ ರೂಮ್‌ಮೇಟುಗಳು.

ಅಂದು ಬೆಳಿಗ್ಗೆ ಅವರು ಆಮ್ಲೆಟ್ ಮಗುಚುತ್ತಿದ್ದಾಗ ಬಾಗಿಲಲ್ಲಿ ರೆಕಾರ್ಡಿಸ್ಟನ ಅಕ್ಕ ನಿಂತಿದ್ದರು. ಈ ಮನೆಯ ಹೊಸ್ತಿಲು ತುಳಿದದ್ದು ಇದೇ ಮೊದಲು.

"ಅವನ ದನಿ ಏನಾದ್ರೂ ಇದೆಯಾ ನಿಮ್ಮ ಹತ್ರ? ನಂಗೆ ಮರೆತೇ ಹೋಗ್ತಿದೆ."

"ಸೌಂಡಿನವನ ದನಿ ಯಾರು ಹಿಡೀತಾರಮ್ಮ? ಮುಖಾನೂ ಇಲ್ಲ."

"ಅಷ್ಟೊಂದು ಸಿನಿಮಾ ಮಾಡಿದೀರಿ!"

ಮಾಡಿದ್ದರು. ಅವರಿಗಿಂತ ಮುಂಚೆ, ಗಂಡಸನ್ನು ಪ್ರೀತಿಸುವ ಗಂಡಸು ಪರದೆಯ ಮೇಲೆ ಬಂದರೆ ಒಂದೋ ಜನ ನಗಬೇಕು, ಇಲ್ಲವೇ ಅವನು ಮಧ್ಯಂತರದೊಳಗೆ ಸಾಯಬೇಕು. ಇವರ ಸಾಕ್ಷ್ಯಚಿತ್ರಗಳಲ್ಲಿ ಅಂಥವರು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು, ಲೈಟ್ ಆರಿಸಲಿಲ್ಲವೆಂದು ಜಗಳವಾಡುತ್ತಿದ್ದರು. ಆಮೇಲೆ ಬಂದವರೆಲ್ಲ ಇವರನ್ನು ನೋಡಿಯೇ ಕಲಿತರು. "ಮುಖ ತೋರಿಸಿ, ಏನೂ ಆಗಲ್ಲ" ಎಂದು ಎಷ್ಟೋ ಜನರನ್ನು ಒಪ್ಪಿಸಿದವರ ಚಿತ್ರಗಳಲ್ಲಿ ತಮ್ಮದೇ ಮನೆಯವನ ಮುಖ ಮಾತ್ರ ಒಂದು ಫ್ರೇಮಿನಲ್ಲೂ ಇರಲಿಲ್ಲ.

"ಅವನೇ ಬೇಡ ಅಂದಿದ್ದ. ಅಕ್ಕ ನೋಡಿಬಿಡ್ತಾಳೆ ಅಂತ."

ಅಕ್ಕ ಕೈಚೀಲದ ಹಿಡಿ ತಿರುಚುತ್ತ ಕೂತರು. ನಿರ್ದೇಶಕರು ವರ್ಷದಿಂದ ನುಂಗಿಕೊಂಡಿದ್ದ ಮಾತು ಹೊರಬಿತ್ತು.

"ಪೇಪರಿನಲ್ಲಿ ಸಾವಿನ ಸುದ್ದಿ ಹಾಕಿಸಿದ್ರಲ್ಲ, ದುಃಖತಪ್ತರು ಹದಿನಾಲ್ಕು ಜನ. ನಿಮ್ಮ ನಾಯಿ ಹೆಸರೂ ಇತ್ತು."

"ಅದಕ್ಕೆ ಅವನು ಅಂದ್ರೆ ಪ್ರಾಣ."

"ಇರ್ಲಿ. ಹಾಸಿಗೆ ಹಿಡಿದ ಆರು ತಿಂಗಳು ಅವನನ್ನ ಎತ್ತಿ ಕೂರಿಸಿದ್ದು ನಾಯಿಯಲ್ಲ."

"ನಿಮ್ಮನ್ನ ಏನಂತ ಬರೀಬೇಕಿತ್ತು, ಹೇಳಿ? ನಂಗೆ ಬೀಗರಿದ್ದಾರೆ, ಯಜಮಾನ್ರಿದ್ದಾರೆ. ಕೇಳೋರ ಬಾಯಿ ಯಾರು ಮುಚ್ತಾರೆ?"

ಇಬ್ಬರೂ ಸುಮ್ಮನಾದರು. ಆ ಮೌನದಲ್ಲೇ ನಿರ್ದೇಶಕರಿಗೆ ಏನೋ ಹೊಳೆದು, ಫ್ರಿಜ್ಜಿನಿಂದ ಒಂದು ಟೇಪು ತೆಗೆದರು. ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಅಲುಗಾಡದಂತೆ ಕೂರಿಸಿ, ಆ ಕೋಣೆಯ ಬರೀ ಸದ್ದನ್ನು ಮೂವತ್ತು ಸೆಕೆಂಡು ಹಿಡಿಯುವುದು ರೆಕಾರ್ಡಿಸ್ಟನ ಕಟ್ಟುನಿಟ್ಟು. ಚಿತ್ರದಲ್ಲಿ ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಆ ಸದ್ದು ಬೇಕಾಗುತ್ತದೆ.

"ಕೊನೇಲಿ ಒಂದು ಮಾತಾಡ್ತಿದ್ದ. ಎಡಿಟಿಂಗಿನಲ್ಲಿ ಪ್ರತಿ ಸಲ ನಾನೇ ಅದನ್ನ ಕಿತ್ತು ಹಾಕ್ತಿದ್ದೆ. ಮೂಲ ಟೇಪಲ್ಲಿ ಹಾಗೇ ಇರಬೇಕು."

ಟೇಪು ತಿರುಗಿತು. ಫ್ಯಾನಿನ ಗೊರಗೊರ. ದೂರದಲ್ಲೊಂದು ಬಸ್ಸು. ಯಾರೋ ಕೆಮ್ಮು ತಡೆದುಕೊಂಡರು. ಇಲ್ಲಿ ಇಬ್ಬರೂ ಕದಲಲಿಲ್ಲ.

"ಆಯ್ತು. ಇನ್ನು ಉಸಿರಾಡ್ರಪ್ಪ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. "ಇನ್ನೊಂದ್ಸಲ ಹಾಕಿ."

ಏಳು ಸಲ ಹಾಕಿದರು. ಆಮೇಲೆ ಅಕ್ಕ ಕೈಚೀಲದಿಂದ ಮಡಿಸಿದ ಹಾಳೆ ತೆಗೆದರು. ವರ್ಷದ ನೆನಪಿಗೆಂದು ಪೇಪರಿಗೆ ಕೊಡುವ ಪ್ರಕಟಣೆ. ಅವೇ ಹದಿನಾಲ್ಕು ಹೆಸರು, ಮತ್ತೆ ನಾಯಿ.

"ನಿಮ್ಮದು ಎಲ್ಲಿ ಬರೀಲಿ?"

"ನಾಯಿಗಿಂತ ಒಂದು ಸಾಲು ಮೇಲಿದ್ರೆ ಸಾಕು."

ಅಕ್ಕ ನಗಲಿಲ್ಲ. ಪಟ್ಟಿಯ ತಲೆಯಲ್ಲಿದ್ದ ಸ್ವಂತ ಹೆಸರನ್ನು ಹೊಡೆದುಹಾಕಿ, ಅಲ್ಲಿ ಅವರದನ್ನು ಬರೆದು, ತಾವು ಎರಡನೆಯ ಸಾಲಿಗೆ ಸರಿದರು.