ನನ್ನ ಆಕ್ಷೇಪಣೆ ಇಲ್ಲ

ಸಹಿ ಮಾಡುವಾಗ ನನ್ನ ಕೈ ನಡುಗಿದರೆ ಮಾವನಿಗೆ ಗೊತ್ತಾಗಿಬಿಡುತ್ತದೇನೋ. ಎರಡು ದಿನದಿಂದ ನನ್ನನ್ನು ಕೊರೆಯುತ್ತಿದ್ದದ್ದು ಇಷ್ಟು ಸಣ್ಣ ಚಿಂತೆ. ಡೈರಿಯಲ್ಲಿ ಬೇರೇನನ್ನೂ ಬರೆಯಲಾಗದೆ ಪುಟದ ತುಂಬ ಅಂಜನಾ ಎಸ್., ಅಂಜನಾ ಎಸ್. ಎಂದು ಬರೆದು ನೋಡಿದೆ. ನಡುಗಲಿಲ್ಲ. ಎದುರಿಗೆ ಯಾರೂ ಇರಲಿಲ್ಲವಲ್ಲ.

ಅಪ್ಪ ಸಿದ್ದಲಿಂಗಯ್ಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಕಳೆದ ಶ್ರಾವಣದಲ್ಲಿ ಇಟ್ಟಮಡುವಿನ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ. ಹಾಗೆ ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಮನೆಯಲ್ಲಿ ಒಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುತ್ತಾರೆ. ಒಬ್ಬರಿಗೆ ಮಾತ್ರ. ಮನೆಯ ಉಳಿದವರು ನೋಟರಿಯ ಮುಂದೆ ‘ನಮ್ಮ ಆಕ್ಷೇಪಣೆ ಇಲ್ಲ’ ಎಂದು ಬರೆದುಕೊಡಬೇಕು.

ಹೋದ ತಿಂಗಳು ಅಮ್ಮ, ನಾನು ಮತ್ತು ಅಮ್ಮನ ಅಣ್ಣ ವಿಜಯಕುಮಾರ್ ಮಾವ ಅಪ್ಪನ ಕಚೇರಿಗೆ ಹೋದೆವು. ಗಿರಿನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮಾವನೇ ಅಪ್ಪ ಹೋದಮೇಲೆ ನಮ್ಮ ಮನೆಯ ಎಲ್ಲದಕ್ಕೂ ಓಡಾಡುತ್ತಿರುವುದು. ಅಪ್ಪನ ಫೈಲು ನೋಡುವ ರೇಖಾ ಮೇಡಂ ಮುಂದೆ ಅವರು ಎದೆಯುಬ್ಬಿಸಿ ಹೇಳಿದರು.

“ನಮ್ ಹುಡುಗಿ ಎಂ.ಎಸ್ಸಿ. ಮೇಡಂ, ಕೆಮಿಸ್ಟ್ರಿ. ಅದಕ್ಕೆ ತಕ್ಕಂಗೆ ಒಂದು ದೊಡ್ಡ ಪೋಸ್ಟು...”

“ಖಾಲಿ ಇರೋದು ಎಸ್‌ಡಿಎ ಒಂದೇ ಸಾರ್. ಪಿಯುಸಿ ಆದ್ರೂ ಅದೇ ಕುರ್ಚಿ, ಎಂ.ಎಸ್ಸಿ. ಆದ್ರೂ ಅದೇ ಕುರ್ಚಿ. ಸಂಬಳಾನೂ ಅದೇ.”

“ಮುಂದಕ್ಕೆ ಪ್ರಮೋಷನ್‌ಗಾದ್ರೂ?”

“ಪ್ರಮೋಷನ್‌ಗೆ ಸೀನಿಯಾರಿಟಿ ನೋಡ್ತಾರೆ, ಇಲಾಖೆ ಪರೀಕ್ಷೆ ಪಾಸಾಗಿದಾರಾ ನೋಡ್ತಾರೆ. ಎಂ.ಎಸ್ಸಿ. ಯಾರು ಕೇಳ್ತಾರೆ ಸಾರ್ ಇಲ್ಲಿ?”

ಅಪ್ಪನೂ ಇದನ್ನೇ ಹೇಳುತ್ತಿದ್ದರು. “ನಮ್ ಸಿದ್ದರಾಜು ಎಂ.ಎ., ನಾನು ಬರೀ ಪಿಯುಸಿ. ಇಬ್ರಿಗೂ ಒಂದೇ ಸ್ಕೇಲು, ಒಂದೇ ಫ್ಯಾನು. ಇಂಗ್ಲಿಷ್ ಲೆಟರ್ ಬರೆಯೋ ಕರ್ಮ ಮಾತ್ರ ಅವನ್ದೇ.” ಹೀಗೆ ಹೇಳಿ ನಗುತ್ತಿದ್ದವರು ಹಟ ಹಿಡಿದು ನನ್ನನ್ನು ಎಂ.ಎಸ್ಸಿ.ಗೆ ಸೇರಿಸಿದರು. ಯಾಕೆಂದು ನಾನು ಕೇಳಲಿಲ್ಲ. ನಾನು ಯಾವುದನ್ನು ತಾನೇ ಕೇಳಿದ್ದೇನೆ?

ವಾಪಸ್ ಬರುವಾಗ ಆಟೋದಲ್ಲೇ ಮಾವ ತೀರ್ಮಾನ ಮಾಡಿಬಿಟ್ಟರು. “ನೋಡು ನೀಲಾ, ಅಷ್ಟು ಓದಿದ ಹುಡುಗೀನ ಪಿಯುಸಿ ಕುರ್ಚಿ ಮೇಲೆ ಕೂರ್ಸಿದ್ರೆ ಭಾವನ ಆತ್ಮ ಒಪ್ಪಲ್ಲ. ಅವಳಿಗೆ ಲೆಕ್ಚರರ್ ಪೋಸ್ಟೇ ಇದೆ ಬಿಡು, ಇವತ್ತಲ್ಲ ನಾಳೆ. ಇದು ಕಿರಣಂಗೆ ಆಗ್ಲಿ. ಏನು ಪುಟ್ಟಿ, ತಮ್ಮಂಗೆ ಬಿಟ್ಕೊಡ್ತೀಯಲ್ಲ?”

“ಹೂಂ” ಎಂದೆ. ನನ್ನ ಬಾಯಿಂದ ಆ ಹೂಂ ಯಾವಾಗಲೂ ನನಗಿಂತ ಮೊದಲೇ ಹೊರಟುಬಿಡುತ್ತದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದರಲ್ಲಿ ಹೆಮ್ಮೆಯೂ ಇತ್ತು.

ಲೆಕ್ಚರರ್ ಪೋಸ್ಟು! ಜೆ.ಪಿ. ನಗರದ ಖಾಸಗಿ ಕಾಲೇಜಿನಲ್ಲಿ ಪಿಯು ಹುಡುಗರಿಗೆ ಪಾಠ ಮಾಡುತ್ತೇನೆ. ಪರೀಕ್ಷೆ ಮುಗಿದ ಕೂಡಲೇ ನಮ್ಮನ್ನು ಕಳಿಸಿಬಿಡುತ್ತಾರೆ, ಜೂನ್‌ನಲ್ಲಿ ಮತ್ತೆ ಹೋಗಿ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಲ್ಲಬೇಕು. ಡಿಗ್ರಿ ಕಾಲೇಜಿಗೆ ಬೇಕಾದ ಕೆ-ಸೆಟ್ ಪರೀಕ್ಷೆ ಎರಡು ಸಲ ಕೈಕೊಟ್ಟಿದೆ. ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕಿಯಾಗೋಣವೆಂದರೆ ಪಿಎಚ್.ಡಿ. ಆದವರೇ ಸಾಲುಗಟ್ಟಿ ಮುಂದಿದ್ದಾರೆ. ಪಿಯು ಉಪನ್ಯಾಸಕಿಯಾಗಲು ಬಿ.ಎಡ್. ಬೇಕು, ಅದು ನನ್ನಲ್ಲಿಲ್ಲ. ಇದ್ದವರೂ ಅಧಿಸೂಚನೆ ಬರುತ್ತದೆಂದು ಕಾದು ಕಾದು ಸೊರಗಿದ್ದಾರೆ. ಇದೆಲ್ಲ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಯಾರಾದರೂ “ಎಂ.ಎಸ್ಸಿ. ಹುಡುಗಿ” ಎಂದು ಹೊಗಳಿದಾಗಲೆಲ್ಲ ಅಪ್ಪನ ಕಚೇರಿಯ ಆ ಕುರ್ಚಿ ನನ್ನಿಂದ ಇನ್ನಷ್ಟು ದೂರ ಸರಿಯುತ್ತದೆ. ಯಾರೂ ಏಪ್ರಿಲ್‌ನಲ್ಲಿ ಎಬ್ಬಿಸದ ಒಂದು ಕುರ್ಚಿ ಸಾಕಿತ್ತು ನನಗೆ. ಈ ಊರಿನಲ್ಲಿ ಬೇರಾವ ಕುರ್ಚಿಯೂ ನನಗಾಗಿ ಕಾಯುತ್ತಿಲ್ಲ.

ನಿನ್ನೆ ಸಂಜೆ ತಮ್ಮ ಶಿವಕಿರಣ್ ಬೈಕ್ ಶೋರೂಮಿನಿಂದ ಬಂದವನು ಶೂ ಬಿಚ್ಚುತ್ತ ಗೊಣಗಿದ. “ಫೈಲ್ ಮುಂದೆ ಕೂತ್ರೆ ನಂಗೆ ನಿದ್ದೆ ಬರುತ್ತಮ್ಮ. ಮಾವಂಗೆ ಸರ್ಕಾರಿ ಅಳಿಯ ಬೇಕು, ಅದಕ್ಕೆ ನನ್ನ ಬಲಿ ಕೊಡ್ತಿದೀರ.”

ಮಾವನ ಮಗಳು ಸಂಗೀತಾಳನ್ನು ಇವನಿಗೇ ತರುವುದೆಂದು ಮನೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಇದೆ.

“ಬಾಯ್ಮುಚ್ಚೋ,” ಎಂದಳು ಅಮ್ಮ. “ಸಂಗೀತಾ ಹೆಸರು ಹೇಳಿದ್ರೆ ಕಿವಿ ಕೆಂಪಾಗುತ್ತೆ, ಬಲಿಯಂತೆ ಬಲಿ.”

“ಅಕ್ಕನೇ ತಗೊಳ್ಲಿ ಬಿಡಮ್ಮ. ಏನಕ್ಕ, ಬೇಕಾ?”

ಕಿರಣ್ ನನ್ನ ಮುಖವನ್ನೇ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನಕ್ಕಳು. “ಅವಳ್ಯಾಕೋ ಗುಮಾಸ್ತೆ ಆಗ್ತಾಳೆ? ನಿಮ್ಮಪ್ಪ ಅವಳನ್ನ ಓದ್ಸಿದ್ದು ಅದಕ್ಕಾ?”

ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಬಕೆಟ್ ತುಂಬಿ ಹರಿಯುವವರೆಗೂ ಅತ್ತೆ. ನೀರಿನ ಸದ್ದಿನಲ್ಲಿ ಒಂದು ಮಾತನ್ನು ಹೇಳಿ ನೋಡಿದೆ. ನನಗೇ ಕೇಳಿಸಲಿಲ್ಲ.

ಇವತ್ತು ಬೆಳಿಗ್ಗೆ ಅಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು, ನನಗೂ ಹಚ್ಚಿ ಹೊರಡಿಸಿದಳು. ಕಾಮಾಕ್ಯ ಬಸ್ ಸ್ಟಾಪಿನ ಹತ್ತಿರ, ಜೆರಾಕ್ಸ್ ಅಂಗಡಿಯ ಪಕ್ಕದ ಪುಟ್ಟ ಕೋಣೆಯಲ್ಲಿ ನೋಟರಿ ನಾಗಲಕ್ಷ್ಮಮ್ಮ ಕೂತಿದ್ದರು. ಕಾಗದ ಟೈಪಾಗಿ ಬಂದಿತ್ತು. ‘ನನ್ನ ತಮ್ಮನಾದ ಶಿವಕಿರಣ್‌ಗೆ ಸದರಿ ಹುದ್ದೆ ನೀಡಲು ನನ್ನ ಯಾವುದೇ ಆಕ್ಷೇಪಣೆ ಇರುವುದಿಲ್ಲ.’ ಅಮ್ಮ ನಿಧಾನವಾಗಿ ಅಕ್ಷರ ಕೂಡಿಸಿ ನೀಲಗಂಗಮ್ಮ ಎಂದು ತನ್ನ ಕಾಗದಕ್ಕೆ ಸಹಿ ಮಾಡಿದಳು. ಕಿರಣ್ ಬಾಗಿಲಲ್ಲಿ ನಿಂತು ಮೊಬೈಲ್ ಉಜ್ಜುತ್ತಿದ್ದ. ಮಾವ ತಮ್ಮ ಜೇಬಿನ ಪೆನ್ನನ್ನೇ ತೆಗೆದು, ಕ್ಯಾಪ್ ಬಿಚ್ಚಿ ನನಗೆ ಕೊಟ್ಟರು.

“ತಡಿಯಮ್ಮ,” ಎಂದರು ನಾಗಲಕ್ಷ್ಮಮ್ಮ. “ಓದ್ಕೊಂಡ್ಯಾ? ಒಪ್ಪಿಗೆ ಇದೆ ತಾನೆ? ಬಾಯಲ್ಲಿ ಹೇಳ್ಬೇಕು.”

ನಾನು ತಲೆಯಾಡಿಸಿದೆ.

“ಅವಳು ಮಾತು ಕಮ್ಮಿ ಮೇಡಂ,” ಎಂದರು ಮಾವ. “ಎಂ.ಎಸ್ಸಿ. ಮಾಡಿದಾಳೆ.”

“ಎಂ.ಎಸ್ಸಿ. ಮಾಡಿದೋರಿಗೆ ಬಾಯಿ ಇರಲ್ವಾ ಸಾರ್?” ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ನೀನು ಹೇಳಮ್ಮ. ನಾನು ಕೇಳಿಸ್ಕೊಂಡ ಮೇಲೇ ಸೀಲ್ ಹಾಕೋದು.”

ಹೂಂ ಗಂಟಲಿಗೆ ಬಂತು. ಹಲ್ಲು ಕಚ್ಚಿ ಹಿಡಿದೆ. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ನೀಲಿ ಚುಕ್ಕೆ ಬಿತ್ತು, ಪಕ್ಕದಲ್ಲೇ ಇನ್ನೊಂದು.

“ಯಾಕೆ ಪುಟ್ಟಿ, ಕೈ ಹಿಂಗೆ ನಡುಗ್ತಿದೆ?” ಎಂದರು ಮಾವ.

ಗೊತ್ತಾಗಿಹೋಗಿತ್ತು. ಇನ್ನು ಬಚ್ಚಿಡಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟೆ. ಕಿರಣ್ ಮೊಬೈಲಿನಿಂದ ತಲೆ ಎತ್ತಿದ.

“ಮಾವ,” ಎಂದೆ. “ಆ ಕೆಲಸ ನಂಗೆ ಬೇಕು.”