ಒಳ್ಳೆದುಂಟು ಮೇಡಂ

ಶಮ್ನಾಳ ನಗು ಕೇಳಿದರೇ ಸಾಕು, ಸುರಕ್ಷಾಳ ಹೊಟ್ಟೆಯೊಳಗೆ ಮೆಣಸು ಅರೆದ ಹಾಗಾಗುತ್ತಿತ್ತು. ಕಾರಣವೂ ಇತ್ತೆನ್ನಿ. ಇಬ್ಬರೂ ಮೂಡಬಿದಿರೆಯ ಸಣ್ಣದೊಂದು ಕಂಪನಿಯಲ್ಲಿ ಯುಎಕ್ಸ್ ಡಿಸೈನ್ ಕಲಿಯುವವರು. ಮೊಬೈಲಿನಲ್ಲಿ ಯಾವ ಬಟನ್ ಎಲ್ಲಿಟ್ಟರೆ ಜನ ತಡಕಾಡುವುದಿಲ್ಲ ಎನ್ನುವ ವಿದ್ಯೆ ಅದು. ವಾರದಲ್ಲಿ ನಾಲ್ಕು ದಿನ ಕಂಪನಿಯ ಕೆಲಸ, ಎರಡು ದಿನ ಕಾಲೇಜು, ಮೂರು ವರ್ಷಕ್ಕೆ ಡಿಗ್ರಿ. ಆದರೆ ಕೊನೆಯ ವರ್ಷಕ್ಕೆ ಒಬ್ಬಳನ್ನು ಮಾತ್ರ ಇಟ್ಟುಕೊಳ್ಳುವುದೆಂದು ಕೆಲಸ ಕಲಿಸುವ ಕಮಲಾಕ್ಷ ಸರ್ ಮೊದಲೇ ಹೇಳಿದ್ದರು. ಇನ್ನೊಬ್ಬಳು ಬೇರೆ ಕಂಪನಿ ಹುಡುಕಬೇಕು. ಸಿಗದಿದ್ದರೆ ಡಿಗ್ರಿಯೂ ಅರ್ಧಕ್ಕೇ.

ಈಗಿನ ಕೆಲಸ, ಬಂಟ್ವಾಳದ ಒಬ್ಬ ಡಾಕ್ಟರರ ಕ್ಲಿನಿಕ್ಕಿಗೆ ಟೋಕನ್ ಆ್ಯಪ್. ಅದನ್ನು ರೂಪಿಸಿದವಳು ಸುರಕ್ಷಾ. ಹತ್ತು ಜನರ ಕೈಗೆ ಕೊಟ್ಟು, ಹೇಗಿದೆ ಎಂದು ಕೇಳಿ ಬರೆದುಕೊಂಡವಳೂ ಅವಳೇ. ಹತ್ತಕ್ಕೆ ಹತ್ತೂ ಜನ ಒಳ್ಳೆದುಂಟು ಅಂದಿದ್ದರು. ಮರುವಾರ ಅದೇ ಹತ್ತು ಜನರನ್ನು ಮಾತಾಡಿಸಿ ಬಂದ ಶಮ್ನಾ, "ಏಳು ಜನ ತಪ್ಪು ಹೆಸರು ಹಾಕಿದ್ದಾರೆ ಸರ್" ಅಂದಳು.

"ಬಂಟ್ವಾಳ ಅವಳ ಊರಲ್ವಾ ಸರ್, ಬೇಕಾದ್ದು ಹೇಳಿಸಿಕೊಂಡು ಬಂದದ್ದು," ಅಂದಳು ಸುರಕ್ಷಾ.

"ಹಾಗಾದರೆ ನಾಳೆ ಇಬ್ಬರೂ ಒಟ್ಟಿಗೇ ಹೋಗಿ," ಅಂದರು ಸರ್.

ಕ್ಲಿನಿಕ್ಕಿನ ಬೆಂಚಿನಲ್ಲಿ ಆ ಹತ್ತು ಜನರಲ್ಲಿ ಒಬ್ಬನಾದ ಜತ್ತಪ್ಪನೂ ಹೆಂಡತಿ ಪ್ರೇಮಾವತಿಯೂ ಕೂತಿದ್ದರು. ಸುರಕ್ಷಾ ಕಾಗದ ಬಿಡಿಸಿ, "ಆ್ಯಪ್ ಬಳಸುವಾಗ ನಿಮ್ಮ ಅನುಭವ ಹೇಗಿತ್ತು?" ಎಂದು ಓದಿದಳು. ಜತ್ತಪ್ಪ ಅಂಗಿ ಸರಿಮಾಡಿಕೊಂಡು ನೆಟ್ಟಗೆ ಕೂತ.

"ಒಳ್ಳೆದುಂಟು ಮೇಡಂ."

ಶಮ್ನಾ ಅವನ ಪಕ್ಕದಲ್ಲೇ ಕೂತು ತುಳುವಿನಲ್ಲಿ ಶುರುಮಾಡಿದಳು. "ಜತ್ತಪ್ಪಣ್ಣ, ಡಾಕ್ಟ್ರು ನಿಮ್ಮನ್ನು ಮಲಗಿಸಿ ನೋಡಿದ್ದು ಯಾಕೆ, ಇವಳಿಗೂ ಒಮ್ಮೆ ಹೇಳಿ."

"ಎಂಥ ಹೇಳುದು ಮಗಾ. ಮಂಡಿನೋವು ಇವಳಿಗೆ. ಮೊಬೈಲು ಹೆಸರು ಕೇಳಿತು. ಮೊಬೈಲು ನನ್ನದಲ್ವಾ, ನನ್ನ ಹೆಸರು ಹಾಕಿದೆ. ಡಾಕ್ಟ್ರು ನನ್ನನ್ನೇ ಕರೆದು ಮಂಡಿ ಒತ್ತಿದ್ರು."

"ಇವರ ಮಂಡಿ ಗಟ್ಟಿ ಉಂಟಂತೆ," ಅಂದಳು ಪ್ರೇಮಾವತಿ. "ಗಟ್ಟಿ ಇಲ್ಲದ್ದು ಮಂಡೆ ಮಾತ್ರ."

ಸುರಕ್ಷಾಳಿಗೆ ನಗು ಬರಲಿಲ್ಲ. ಅವಳೂ ತುಳುವಿನಲ್ಲೇ ಕೇಳಿದಳು. "ಮತ್ತೆ ಆವತ್ತು ನನ್ನ ಹತ್ತಿರ ಯಾಕೆ ಹೇಳ್ಲಿಲ್ಲ?"

"ಓ, ನಿಮಗೆ ತುಳು ಬರ್ತದಾ? ಕಾಗದ ಹಿಡ್ಕೊಂಡು ಕನ್ನಡದಲ್ಲಿ ಕೇಳಿದ್ರಲ್ಲ, ಆಫೀಸಿನವರು ಅಂತ ಎಣಿಸಿದೆ. ಆಫೀಸಿನವರ ಹತ್ತಿರ ಕುಂದು ಹೇಳ್ಲಿಕ್ಕೆ ಆಗ್ತದಾ?"

ಗುರುವಾಯನಕೆರೆಯ ಸುರಕ್ಷಾ ತೊಟ್ಟಿಲಲ್ಲೇ ತುಳು ಕೇಳಿದವಳು. ಶಮ್ನಾಳ ಮನೆಮಾತು ಬ್ಯಾರಿ. ತುಳು ಕಲಿತದ್ದು ಅಪ್ಪನ ಅಂಗಡಿಯ ಗಿರಾಕಿಗಳಿಂದ. ತನ್ನದೇ ಮಾತು ಹಿಡಿದು ಅವಳು ಗೆದ್ದಳಲ್ಲ ಎಂಬ ಉರಿ, ಮೂಡಬಿದಿರೆ ಮುಟ್ಟುವವರೆಗೂ ಆರಲಿಲ್ಲ. ಬಸ್ಸಿನಲ್ಲಿ ಶಮ್ನಾ, "ಹೆಸರಿನ ಮೊದಲು 'ಯಾರಿಗೆ ಮದ್ದು' ಅಂತ ಕೇಳುವ. ಆ ಪುಟದ ಚಿತ್ರ ನೀನೇ ಮಾಡು, ನಿನ್ನ ಕೈ ಚಂದ" ಅಂದಾಗಲಂತೂ ಇನ್ನಷ್ಟು ಉರಿಯಿತು. ಕೆಟ್ಟವಳಾದರೂ ಆಗಬಾರದಿತ್ತೇ ಈ ಹುಡುಗಿ.

"ತಪ್ಪು ಹಿಡಿದದ್ದು ಯಾರು?" ಕಮಲಾಕ್ಷ ಸರ್ ಕೇಳಿದರು.

ಶಮ್ನಾ ಸುರಕ್ಷಾಳ ಕಡೆ ನೋಡಿದಳು. 'ಇಬ್ಬರೂ' ಅಂದರೆ ಮುಗಿಯುತ್ತಿತ್ತು. ಶಮ್ನಾ ಅಲ್ಲಗಳೆಯುವವಳೂ ಅಲ್ಲ. ಆ ಮಾತು ಸುರಕ್ಷಾಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಹಾಗೆ ಸಿಕ್ಕ ಕೊನೆಯ ವರ್ಷದ ಜಾಗವೂ ಶಮ್ನಾ ಕೊಟ್ಟದ್ದೇ ಆಗುತ್ತದಲ್ಲ.

"ಶಮ್ನಾ," ಅಂದಳು. "ನಾನು ಕೇಳಿದ್ದೇ ಸರಿ ಇರಲಿಲ್ಲ ಸರ್."

ಜಾಗ ಶಮ್ನಾಳಿಗೆ ಹೋಯಿತು. ಮೆಟ್ಟಿಲಲ್ಲಿ ಅವಳು ಹಿಂದಿನಿಂದ ಓಡಿಬಂದಳು.

"ಸುರಕ್ಷಾ, ಬೇಜಾರಾ?"

"ಬೇಜಾರಲ್ಲ ಮಾರಾಯ್ತಿ, ಹೊಟ್ಟೆಕಿಚ್ಚು. ಇವತ್ತು ನನ್ನನ್ನು ಮಾತಾಡಿಸ್ಬೇಡ."

"ಆಯ್ತು," ಅಂದಳು ಶಮ್ನಾ. "ನಾಳೆ ನಿನಗೆ ಕಂಪನಿ ಹುಡುಕುವ."

ಸುರಕ್ಷಾ ಮೆಟ್ಟಿಲಿಳಿದು ಹೋದಳು. ಬೇಡ ಎಂದು ಮಾತ್ರ ಹೇಳಲಿಲ್ಲ.