ಜೇಬಿನಲ್ಲಿದ್ದ ಫ್ಯೂಸು

ವೈರ್‌ಮನ್‌ಗೆ ಒಂದು ರೂಢಿ ಇತ್ತು. ಎಲ್ಲೇ ಕೆಲಸಕ್ಕೆ ಕೈ ಹಾಕಲಿ, ಮೊದಲು ಮೀಟರ್ ಬೋರ್ಡಿನಿಂದ ಫ್ಯೂಸು ಕಿತ್ತು ಜೇಬಿಗೆ ಇಳಿಸಿಕೊಳ್ಳುತ್ತಿದ್ದ. ತಾನು ತಂತಿ ಹಿಡಿದಿರುವಾಗ ಯಾರೋ ಪುಣ್ಯಾತ್ಮರು ಬಂದು ಕರೆಂಟು ಕೊಟ್ಟುಬಿಟ್ಟರೆ ಗತಿಯೇನು? ಜೊತೆಯವನೊಬ್ಬ ಹಾಗೆ ಕಪ್ಪಗಾಗಿ ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅವರಿವರ ಮನೆಯಾಗಲಿ, ಸ್ವಂತ ಮನೆಯಾಗಲಿ, ಫ್ಯೂಸು ಜೇಬಿನಲ್ಲಿರಬೇಕು, ಟೆಸ್ಟರು ಹಲ್ಲಿನ ನಡುವೆ ಇರಬೇಕು. ಕೆಲಸ ಮಾಡುವಾಗ ಮಾತಾಡಿಸಿದರೆ ಬರುವುದು ಒಂದೇ ಉತ್ತರ, ‘ಹ್ಞೂಂ’. ಹೆಂಡತಿಗೆ ಇದೆಲ್ಲ ಎಷ್ಟು ಒಗ್ಗಿಹೋಗಿತ್ತೆಂದರೆ ಆ ಹ್ಞೂಂ ಒಂದರಲ್ಲೇ ಅವಳು ಅವನ ಸಿಟ್ಟು, ಹಸಿವು, ಆಯಾಸ ಎಲ್ಲ ಅಳೆದುಬಿಡುತ್ತಿದ್ದಳು.

ಆವತ್ತು ದೀಪ ಹಾಕಿ ಸ್ವಲ್ಪ ಹೊತ್ತಾಗಿತ್ತಷ್ಟೆ, ಮನೆಯೆಲ್ಲ ಗಪ್ಪೆಂದು ಕತ್ತಲಾಯಿತು. ಒಳಕೋಣೆಯ ಮಂಚದಿಂದ ಅತ್ತೆ ಶುರು ಹಚ್ಚಿಕೊಂಡರು. ಸೊಂಟದ ಮೂಳೆ ಮುರಿದು ಮಲಗಿದ್ದರೂ ಅವರ ಬಾಯಿಗೆ ಏನೂ ಆಗಿರಲಿಲ್ಲ. ಮಗ ಊರಿಗೆಲ್ಲ ಬೆಳಕು ಹಂಚುತ್ತಾನೆ, ಹೆತ್ತ ತಾಯಿ ಮಾತ್ರ ಕತ್ತಲಲ್ಲಿ ಕೊಳೆಯಬೇಕು ಎಂದರು. ಸೊಸೆ ನಗುತ್ತ, ಏಳು ತಿಂಗಳ ಮಗುವನ್ನು ಸೊಂಟಕ್ಕೇರಿಸಿಕೊಂಡು, ಮುಂಬಾಗಿಲು ತೆಗೆದು ಹೊರಗೆ ಬಂದಳು. ಬೇರೆಯವರ ಮನೆಯಲ್ಲಾಗಿದ್ದರೆ ಕರೆಂಟು ಬರಲಿ ಎಂದು ಕೂತಿರುತ್ತಿದ್ದರು. ವೈರ್‌ಮನ್ ಹೆಂಡತಿ ಕೂರುತ್ತಾಳೆಯೇ? ಸುಟ್ಟ ಫ್ಯೂಸಿಗೆ ತಂತಿ ಸುತ್ತುವುದು ಅವಳಿಗೆ ಹೂ ಕಟ್ಟಿದಷ್ಟೇ ಸಲೀಸು.

ಎದುರುಮನೆಯಲ್ಲಿ ದೀಪ ಉರಿಯುತ್ತಿತ್ತು. ಬೀದಿಯ ದೀಪವೂ ಉರಿಯುತ್ತಿತ್ತು. ನಮ್ಮದೊಂದೇ ಹೋಗಿದೆ ಅಂದುಕೊಂಡು ಪಕ್ಕದ ಓಣಿಗೆ ತಿರುಗಿದಳು. ಗೋಡೆಗೆ ಹೊಡೆದ ಮೀಟರ್ ಪೆಟ್ಟಿಗೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕೈಯಾಡಿಸಿದಳು. ಫ್ಯೂಸು ಸುಟ್ಟಿರಲಿಲ್ಲ. ಫ್ಯೂಸೇ ಇರಲಿಲ್ಲ.

ಬೇರೆ ಯಾವ ಹೆಂಗಸಾದರೂ ಆ ಹೊತ್ತಿಗೆ ಎದುರುಮನೆಯವರನ್ನು ಕೂಗಿ ಕರೆಯುತ್ತಿದ್ದಳು. ಇವಳ ಮನಸ್ಸು ಹಗುರವಾಯಿತು. ಅಂತೂ ಗಂಡ ಬೇಗ ಬಂದಿದ್ದಾನೆ. ನಡುಮನೆಯ ಬೀರುವಿನ ಪಕ್ಕದ ಸ್ವಿಚ್ಚು ತಿಂಗಳುಗಟ್ಟಲೆಯಿಂದ ಚಟಚಟ ಕಿಡಿ ಕಾರುತ್ತಿತ್ತು, ಇವತ್ತು ನಾಳೆ ಎಂದು ದೂಡಿಕೊಂಡೇ ಬಂದಿದ್ದ. ಬೆಳಿಗ್ಗೆ ತಾನು ಮುಖ ದಪ್ಪ ಮಾಡಿಕೊಂಡಿದ್ದು ನಾಟಿದೆ ಎಂದುಕೊಂಡಳು.

ತೆರೆದೇ ಬಿಟ್ಟುಹೋಗಿದ್ದ ಬಾಗಿಲಿನಿಂದ ಒಳಗೆ ಬಂದಾಗ ಬೀರುವಿನ ಹತ್ತಿರ ಸಣ್ಣ ಬೆಳಕೊಂದು ಮಿನುಗಿ ಆರಿತು. ಗೋಡೆಗೆ ಮುಖ ಮಾಡಿ ನಿಂತ ಆಳು ಕಂಡೂ ಕಾಣದಂತಿತ್ತು.

ಬರೋರು ಒಂದು ಮಾತು ಹೇಳಿ ಬರಬಾರದಾ, ನಾನು ಓಣೀಲಿ ತಡಕಾಡಿ ಬಂದೆ ಎಂದು ಅವಳು ರೇಗಿದಳು. ಫ್ಯೂಸು ಜೇಬಲ್ಲಿದೆಯಾ ಎಂದು ಕೇಳಿದಳು.

‘ಹ್ಞೂಂ’ ಎಂದಿತು ಕತ್ತಲು.

ಟಾರ್ಚಿನ ಸೆಲ್ಲು ಮತ್ತೆ ಮುಗಿಯಿತಾ?

‘ಹ್ಞೂಂ.’

ಸದ್ದು ಕೇಳಿ ಅತ್ತೆ ಒಳಗಿನಿಂದಲೇ ಮಗನನ್ನು ತರಾಟೆಗೆ ತೆಗೆದುಕೊಂಡರು. ಹೆಂಡತಿ ಮುಖ ದಪ್ಪ ಮಾಡಿದರೆ ಸ್ವಿಚ್ಚು ರಿಪೇರಿ ಆಗುತ್ತೆ, ತಾಯಿಯ ಕಾಲು ನೋವಿಗೆ ಎಣ್ಣೆ ತರೋಕೆ ಮಾತ್ರ ಪುರುಸೊತ್ತಿಲ್ಲ ಎಂದರು. ಅದಕ್ಕೂ ಒಂದು ಹ್ಞೂಂ ಬಂತು. ಅತ್ತೆ ಅಷ್ಟಕ್ಕೇ ಸಮಾಧಾನಗೊಂಡರು.

ಮೇಣದಬತ್ತಿ ಅಡುಗೆಮನೆಯ ಮೇಲಿನ ಗೂಡಿನಲ್ಲಿತ್ತು. ಹತ್ತಬೇಕಾದರೆ ಎರಡೂ ಕೈ ಬೇಕು. ಅವಳು ಮಗುವನ್ನು ಮುಂದೆ ಚಾಚಿದಳು.

‘ತಗೊಳ್ಳಿ, ಒಂದ್ನಿಮಿಷ ಹಿಡ್ಕೊಳ್ಳಿ ಇವನ್ನ.’

ಒಂದು ಗಳಿಗೆ ಯಾರೂ ಕದಲಲಿಲ್ಲ. ಆಮೇಲೆ ಎರಡು ಕೈ ಬಂದವು. ಒಂದು ಮಗುವಿನ ಬೆನ್ನಿಗೆ, ಇನ್ನೊಂದು ಕುಂಡೆಯ ಕೆಳಗೆ, ಹದವಾಗಿ. ಮಗು ಅಳಲಿಲ್ಲ.

ಅವಳು ಅಡುಗೆಮನೆಗೆ ಹೋಗಿ, ಸ್ಟೂಲು ಹತ್ತಿ, ಡಬ್ಬಗಳ ಹಿಂದೆ ಕೈ ಹಾಕಿದ್ದಳು. ಕಟ್ಟೆಯ ಮೇಲಿಟ್ಟಿದ್ದ ಫೋನು ಅಡುಗೆಮನೆಯನ್ನೆಲ್ಲ ನೀಲಿ ಮಾಡುತ್ತ ಹೊಡೆದುಕೊಂಡಿತು. ಬಗ್ಗಿ ನೋಡಿದರೆ ಗಂಡನ ಹೆಸರು. ಕೈ ತಾಗಿ ನಂಬರು ಒತ್ತಿಹೋಗಿರಬೇಕು ಎಂದು ನಗುತ್ತಲೇ ಕಿವಿಗಿಟ್ಟುಕೊಂಡಳು.

ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿದ್ದೇನೆ, ಇವತ್ತು ಮುಗಿಸಿಯೇ ಹೋಗಬೇಕಂತೆ, ನೀವು ಉಂಡುಬಿಡಿ ಎನ್ನುತ್ತಿತ್ತು ಆ ಕಡೆಯ ದನಿ. ಹಿಂದೆ ಯಾರೋ ಗೋಡೆ ಕೊರೆಯುವ ಸದ್ದು. ‘ಕೇಳಿಸ್ತಾ ಇದೆಯಾ?’ ಎಂದ.

ಕೇಳಿಸುತ್ತಿತ್ತು. ಬಲಗಿವಿಯಲ್ಲಿ ಗಂಡ ಉಸಿರಾಡುತ್ತಿದ್ದ. ಬೆನ್ನ ಹಿಂದೆ ನಡುಮನೆಯಲ್ಲಿ ಯಾರೋ ಅವಳ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಕಾಲಕೆಳಗಿನ ಸ್ಟೂಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಕೂಗಬೇಕು ಎಂದು ಬಾಯಿ ತೆರೆದಳು. ಕೂಗಿದರೆ ಅವನು ಓಡುತ್ತಾನೆ. ಓಡುವವನು ಮಗುವನ್ನು ಏನು ಮಾಡುತ್ತಾನೆ?

‘ಹ್ಞಾ, ಅಕ್ಕ,’ ಎಂದಳು ಗಂಡನಿಗೆ. ದನಿ ಬೇರೆ ಯಾರದೋ ಅನ್ನಿಸಿತು. ‘ಇವ್ರು ಈಗ್ತಾನೆ ಬಂದ್ರು ಅಕ್ಕ. ಸ್ವಿಚ್ಚು ರಿಪೇರಿ ಮಾಡ್ತಿದಾರೆ. ಮಗು ಅವ್ರ ಕೈಲೇ ಇದೆ. ಆಮೇಲೆ ಮಾತಾಡ್ತೀನಿ.’

ಆ ಕಡೆ ಕೊರೆಯುವ ಸದ್ದು ನಿಂತಿತು. ಮೆಟ್ಟಿಲಿಳಿದು ಓಡುವ ಸದ್ದು ಕೇಳಿತು.

ಫೋನನ್ನು ಕಟ್ಟೆಯ ಮೇಲಿಟ್ಟು, ಸ್ಟೂಲಿನಿಂದ ಇಳಿದು ಅವಳು ನಡುಮನೆಗೆ ನಡೆದಳು. ಆ ನಾಲ್ಕು ಮಾರು ನಡೆಯುವಷ್ಟರಲ್ಲಿ ಅವಳಿಗೆ ಬೆವರಿನ ವಾಸನೆ ಬೇರೆ ಅನ್ನಿಸಿತು, ಆಳು ಗಂಡನಿಗಿಂತ ಗಿಡ್ಡ ಅನ್ನಿಸಿತು, ಇದ್ಯಾವುದೂ ಆಗ ಯಾಕೆ ಕಾಣಲಿಲ್ಲ ಅನ್ನಿಸಿತು. ಎರಡೂ ಕೈ ಚಾಚಿದಳು.

‘ಕೊಡಿ. ಅವನಿಗೆ ಹಸಿವಾಗಿರತ್ತೆ, ಹಾಲು ಕುಡಿಸ್ತೀನಿ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ.’

ಅವನಿಗೆ ತಿಳಿಯಿತೋ ಇಲ್ಲವೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮಗು ಅವನ ಅಂಗಿಯ ಗುಂಡಿಯನ್ನು ಭದ್ರವಾಗಿ ಹಿಡಿದುಕೊಂಡಿತ್ತು. ಅವನು ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಗುವನ್ನು ಅವಳ ಕೈಗಿಟ್ಟ. ಬಿಡಿಸುವ ಬಗೆ ಮನೆಯಲ್ಲಿ ಮಕ್ಕಳಿರುವವನದಾಗಿತ್ತು. ಅದೇ ಅವಳನ್ನು ಹೆಚ್ಚು ನಡುಗಿಸಿತು.

ಅತ್ತೆಯ ಕೋಣೆಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದಳು. ಏನೇ ಇದು ಎಂದು ಅತ್ತೆ ಬಾಯಿ ತೆಗೆಯುವಷ್ಟರಲ್ಲಿ ಅವರ ಬಾಯಿಗೆ ಅಂಗೈ ಒತ್ತಿ, ಅದು ನಿಮ್ಮ ಮಗ ಅಲ್ಲ ಎಂದು ಕಿವಿಯಲ್ಲಿ ಉಸುರಿದಳು. ಮುದುಕಿಯ ತುಟಿಗಳು ಅಂಗೈಯೊಳಗೆ ತಣ್ಣಗಾದವು. ಹೊರಗೆ ಬೀರುವಿನ ಬಾಗಿಲು ಕಿರುಗುಟ್ಟಿತು. ಹೆಜ್ಜೆಗಳು ಹಿತ್ತಲಿಗೆ ಹೋದವು. ಆಮೇಲೆ ಏನೂ ಕೇಳಲಿಲ್ಲ.

ಎಷ್ಟು ಹೊತ್ತೋ. ಓಣಿಯಲ್ಲಿ ಕಾಲುಗಳು, ಎದುರುಮನೆಯವರ ಮಾತು, ಗಾಡಿ ನಿಂತ ಸದ್ದು. ವೈರ್‌ಮನ್ ದಾರಿಯುದ್ದಕ್ಕೂ ಎಲ್ಲರಿಗೂ ಫೋನು ಮಾಡುತ್ತಲೇ ಬಂದಿದ್ದ. ಕೋಣೆಯ ಬಾಗಿಲು ತಟ್ಟಿದ.

‘ನಾನು ಕಣೇ. ಅವನು ಹೋಗಿದಾನೆ. ಮಗು ಹೇಗಿದೆ? ಬಾಗಿಲು ತೆಗಿ.’

ಅವಳು ಎದ್ದು ಚಿಲಕದ ಮೇಲೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು.

‘ತೆಗಿಯೇ, ಅವನೇ. ನನ್ನ ಮಗನ ದನಿ ನನಗೆ...’ ಎಂದು ಶುರು ಮಾಡಿದ ಅತ್ತೆ ಅರ್ಧಕ್ಕೇ ನಿಲ್ಲಿಸಿ ಗೋಡೆಯ ಕಡೆ ತಿರುಗಿಕೊಂಡರು.

‘ಮಗು ಚೆನ್ನಾಗಿದೆ,’ ಎಂದಳು ಅವಳು ಬಾಗಿಲಿನ ಈಚೆಯಿಂದ. ‘ಕೈ ಬರ್ತಿಲ್ಲ ಕಣ್ರಿ.’

ಆಚೆ ಅವನು ಎದುರುಮನೆಯವರನ್ನು ಹೊರಗೆ ಕಳಿಸಿದ್ದು ಕೇಳಿಸಿತು. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದು ಕೂತದ್ದೂ ಕೇಳಿಸಿತು.

‘ಈಗ್ಲೇ ತೆಗೀಬೇಡ,’ ಎಂದ. ‘ಇಲ್ಲೇ ಕೂತಿರ್ತೀನಿ.’

ಅವಳೂ ಈಚೆಗೆ ಕೂತಳು. ಹಲಗೆಯ ಆ ಕಡೆ ಅವನು ಅಳುತ್ತಿದ್ದ. ಅಳು ಅವನದೇ ಹೌದೋ ಎಂದು ಅವಳು ಕಿವಿಯಿಟ್ಟು ಕೇಳುತ್ತಿದ್ದಳು.